‘ಸಸ್ಪೆಂಡ್’ ಎಂಬ ಮಾತು
(ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯಕ್ಕೆ ಪತ್ರಿಕೆ ಓದಲು ಬರುವವರಲ್ಲಿ ಕೆಲವರು ಜೇಬಿನಿಂದ ಇಂಗ್ಲಿಷ್ ಕಾಗದ ತೆಗೆದು, ‘ಇದರಲ್ಲೇನಿದೆ, ನೋಡಿ ಹೇಳಿ’ ಎನ್ನುವುದುಂಟು. ಅಂಥ ಕಾಗದಗಳಲ್ಲಿ ಎದೆ ನಡುಗಿಸುವ ಮಾತು ‘ಸಸ್ಪೆಂಡ್’. ಅದನ್ನು ಕಂಡೊಡನೆ ಕೆಲಸವೇ ಹೋಯಿತೆಂದು ತಿಳಿದು, ಗಂಟುಮೂಟೆ ಕಟ್ಟಿ ಊರಿನ ರೈಲು ಹತ್ತುವವರಿದ್ದಾರೆ. ಆದುದರಿಂದ ಈ ಒಂದು ಕ್ರಿಯಾಪದದ ವಿಚಾರವಾಗಿ ನಾಲ್ಕು ಮಾತು ಹೇಳಬಯಸುತ್ತೇವೆ.

ಇದು ಲ್ಯಾಟಿನ್ ಮೂಲದ ಪದ. ‘ಸಬ್’ ಎಂದರೆ ಕೆಳಗೆ. ‘ಪೆಂಡೆರೆ’ ಎಂದರೆ ತೂಗುಹಾಕು. ಎರಡೂ ಕೂಡಿ ‘ಸುಸ್ಪೆಂಡೆರೆ’ ಆಗಿ, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಗಡಿಯಾರದ ಪೆಂಡ್ಯುಲಮ್, ಕತ್ತಿನ ಸರದ ಪೆಂಡೆಂಟ್, ಮೇಜಿನ ಮೇಲಿನ ಪೆಂಡಿಂಗ್ ಫೈಲು ಎಲ್ಲವೂ ಇದೇ ಮನೆತನದವು.

ಪ್ರಾಚೀನ ರೋಮಿನಲ್ಲಿ ನಾಣ್ಯ ಬರುವ ಮೊದಲು ಕಂಚಿನ ತುಂಡುಗಳನ್ನು ತಕ್ಕಡಿಯಲ್ಲಿ ತೂಗಿ ಹಣ ಸಲ್ಲಿಸುತ್ತಿದ್ದರು. ತಕ್ಕಡಿ ತೂಗುಹಾಕುವ ವಸ್ತುವಷ್ಟೆ. ಹೀಗಾಗಿ ಅದೇ ಧಾತುವಿಗೆ ‘ತೂಕ ಮಾಡು’, ‘ಹಣ ಕೊಡು’ ಎಂಬ ಅರ್ಥಗಳೂ ಸೇರಿದವು. ಪೆನ್ಶನ್, ಸ್ಟೈಪೆಂಡ್, ಎಕ್ಸ್‌ಪೆಂಡಿಚರ್ ಹುಟ್ಟಿದ್ದು ಆ ಕವಲಿನಲ್ಲಿ. ನಮ್ಮ ಕನ್ನಡದ ‘ತೂಗು’ ಎಂಬುದಕ್ಕೂ ಎರಡು ಅರ್ಥವುಂಟು: ತಾಯಿ ತೊಟ್ಟಿಲು ತೂಗುತ್ತಾಳೆ, ಅಂಗಡಿಯವನು ಅಕ್ಕಿ ತೂಗುತ್ತಾನೆ. ಇಂಗ್ಲಿಷಿನ ಸಸ್ಪೆನ್ಶನ್ ಬ್ರಿಜ್ಜಿಗೆ ನಾವು ತೂಗುಸೇತುವೆ ಎನ್ನುವುದೂ ಸರಿಯಾಗಿಯೇ ಇದೆ.

ಇನ್ನು ಪ್ರಯೋಗ. ಸಸ್ಪೆಂಡ್ ಮಾಡುವುದು ಆಡಳಿತ, ಒಳಗಾಗುವವನು ಕೆಲಸಗಾರ. ಆದುದರಿಂದ ಅರ್ಜಿಯಲ್ಲಿ ‘ಐ ಸಸ್ಪೆಂಡೆಡ್’ ಎಂದು ಬರೆಯಬಾರದು. ‘ನಾನೇ ಸಸ್ಪೆಂಡ್ ಮಾಡಿದೆ’ ಎಂದಾದೀತು! ‘ಐ ವಾಸ್ ಸಸ್ಪೆಂಡೆಡ್’ ಎಂಬುದೇ ಸರಿ. ಕಾಗದದಲ್ಲಿ ‘ಸಸ್ಪೆಂಡೆಡ್ ಪೆಂಡಿಂಗ್ ಎನ್‌ಕ್ವೈರಿ’ ಎಂದಿದ್ದರೆ, ವಿಚಾರಣೆ ಮುಗಿಯುವ ತನಕ ಕೆಲಸದಿಂದ ದೂರ ಇಟ್ಟಿದ್ದಾರೆಂದು ಅರ್ಥ. ದಿನಗಳ ಲೆಕ್ಕ ಹೇಳಿ ಶಿಕ್ಷೆಯಾಗಿ ಸಸ್ಪೆಂಡ್ ಮಾಡುವುದು ಬೇರೆ.

‘ಡಿಸ್ಮಿಸ್’ ಎಂಬುದೇ ಬೇರೆ ಪದ. ಅದರ ಲ್ಯಾಟಿನ್ ಮೂಲಕ್ಕೆ ‘ದೂರ ಕಳುಹಿಸು’ ಎಂದರ್ಥ. ಡಿಸ್ಮಿಸ್ ಆದವನ ನಂಟು ಕಡಿಯಿತು. ಸಸ್ಪೆಂಡ್ ಆದವನ ನಂಟು ತೂಗಾಡುತ್ತಿದ್ದರೂ ಕಡಿದಿಲ್ಲ, ಅವನಿನ್ನೂ ನೌಕರನೇ. ಅದಕ್ಕಾಗಿಯೇ 1946ರ ಸ್ಟ್ಯಾಂಡಿಂಗ್ ಆರ್ಡರ್ ಕಾಯಿದೆಗೆ 1982ರಲ್ಲಿ ತಿದ್ದುಪಡಿಯಾಗಿ, ವಿಚಾರಣೆಯ ಕಾಲಕ್ಕೆ ಜೀವನಾಧಾರ ಭತ್ಯೆ ಗೊತ್ತಾಯಿತು: ಮೊದಲ 90 ದಿನ ಸಂಬಳದ ನೂರಕ್ಕೆ 50, ಆಮೇಲೆ, ವಿಳಂಬಕ್ಕೆ ಕೆಲಸಗಾರ ಕಾರಣನಲ್ಲದಿದ್ದರೆ, ನೂರಕ್ಕೆ 75. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಇದೇ ಪ್ರಮಾಣವಿದೆ.

ವಿಚಾರಣೆಗೆ ಹೋಗದೆ ಊರು ಸೇರಿದರೆ ತಕ್ಕಡಿಯ ಒಂದು ತಟ್ಟೆ ಬರಿದಾಗಿಯೇ ಉಳಿಯುತ್ತದೆ. ಎದುರಿನ ತಟ್ಟೆಯದೇ ತೂಕವಾಗುತ್ತದೆ. ಆದುದರಿಂದ ಬಂಧುಗಳೆ, ಅಂಥ ಕಾಗದ ಕೈಗೆ ಬಂದರೆ ತಾರೀಖು ನೋಡಿರಿ, ಅವಧಿಯೊಳಗೆ ಉತ್ತರ ಕೊಡಿರಿ, ಕೊಟ್ಟದ್ದರ ನಕಲು ಇಟ್ಟುಕೊಳ್ಳಿರಿ, ಯೂನಿಯನ್ನಿನವರನ್ನು ಕಾಣಿರಿ. ಓದಲು ಬಾರದಿದ್ದರೆ ಸಂಕೋಚಪಡದೆ ಇಲ್ಲಿಗೆ ತನ್ನಿರಿ. ಓದಿ ಹೇಳಲು ನಾವಿದ್ದೇವೆ.