ಕಾನೂನು ಬರೆಯುವ ಕೈ ಯಾರದು?

(ಬಬಲೇಶ್ವರ ತಾಲ್ಲೂಕಿನ ನಿಡೋಣಿಯಲ್ಲಿ ಸೇರಿದ್ದ ಯುವಕರ ಸಭೆಯಲ್ಲಿ ಆಡಿದ ಮಾತುಗಳು)



ವಿಜಯಪುರದಿಂದ ಈ ಬಿಸಿಲಲ್ಲಿ ಬೈಕ್ ಏರಿ ನಿಡೋಣಿಗೆ ಬಂದಿದ್ದೀರಿ. ದಾರಿಯುದ್ದಕ್ಕೂ ಇಂಗ್ಲಿಷ್ ಬೋರ್ಡುಗಳನ್ನು ಎಣಿಸುತ್ತ ಬಂದೆವು ಎಂದು ನಿಮ್ಮಲ್ಲೊಬ್ಬರು ಹೇಳಿದರು. ಒಳ್ಳೆಯ ಕೆಲಸ. ಆದರೆ ಆ ಬೋರ್ಡಿನ ಕಾಯ್ದೆ ಹೇಗೆ ಹುಟ್ಟಿತು ಎಂದು ಕೇಳಿಕೊಂಡಿದ್ದೀರಾ?

2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಿಳಿದ ಕನ್ನಡಿಗರು ಬಂಧನಕ್ಕೊಳಗಾದ ಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಎಂದು ಸುಗ್ರೀವಾಜ್ಞೆ ಸಿದ್ಧಮಾಡಿ ರಾಜ್ಯಪಾಲರಿಗೆ ಕಳಿಸಿತು. ಅವರು 2024ರ ಜನವರಿಯಲ್ಲಿ ಅದನ್ನು ಹಿಂತಿರುಗಿಸಿ, ಸದನದಲ್ಲೇ ತನ್ನಿ ಎಂದರು. ನಾವೆಲ್ಲ ಕೆಂಡವಾದೆವು. ನಾನೂ ಕೂಗಿದವನೇ. ಈಗ ತಣ್ಣಗೆ ಕೂತು ಯೋಚಿಸಿದರೆ ಒಂದು ಮಾತು ಒಪ್ಪಬೇಕು: ಕನ್ನಡದ ಕಾಯ್ದೆಯನ್ನು ಕನ್ನಡಿಗರು ಆರಿಸಿದ ಸದನ ಚರ್ಚಿಸಬೇಕಾದದ್ದೇ. ಫೆಬ್ರವರಿಯಲ್ಲಿ ಎರಡೂ ಸದನಗಳು ಅದನ್ನು ಅಂಗೀಕರಿಸಿದವು.

ಅದೇ ವರ್ಷದ ಜುಲೈ ನೋಡಿ. ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಉದ್ಯೋಗ ಕೊಡುವ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮಿಗಳು ಗುಟುರು ಹಾಕಿದ್ದೇ ತಡ, ಎರಡು-ಮೂರು ದಿನದಲ್ಲಿ ತಡೆ ಬಿತ್ತು. ಆಗ ವಿಧಾನಮಂಡಲದ ಅಧಿವೇಶನ ನಡೆದೇ ಇತ್ತು! ಮಸೂದೆ ಸದನದ ಹೊಸ್ತಿಲು ದಾಟಲಿಲ್ಲ. ಒಬ್ಬ ಶಾಸಕನೂ ಪರವಾಗಿಯೋ ವಿರೋಧವಾಗಿಯೋ ಕೈ ಎತ್ತಬೇಕಾಗಲಿಲ್ಲ. ಯಾರು ನಮ್ಮವರು ಎಂದು ತಿಳಿಯುವ ಅವಕಾಶವೇ ನಮಗೆ ತಪ್ಪಿತು.

ಭಾಷೆಯ ಮಾತಿಗೆ ಬನ್ನಿ. ಸಂವಿಧಾನದ 348ನೇ ವಿಧಿಯ ಪ್ರಕಾರ, ರಾಜ್ಯದ ಸದನ ಕನ್ನಡದಲ್ಲೇ ಕಾಯ್ದೆ ಮಾಡಿದರೂ ರಾಜ್ಯಪಾಲರ ಅಧಿಕಾರದಡಿ ಪ್ರಕಟವಾದ ಇಂಗ್ಲಿಷ್ ಅನುವಾದವೇ ಅಧಿಕೃತ ಪಾಠ. ತಾಯಿಗಿಂತ ದಾಯಿಗೆ ಮರ್ಯಾದೆ ಹೆಚ್ಚು!

ಇನ್ನು ಊರಿನ ಸದನ. 1983ರ ಕಾಯ್ದೆಯ ಹಿಂದೆ ನಜೀರ್ ಸಾಬರಿದ್ದರು. 1987ರಲ್ಲಿ ಚುನಾವಣೆಯಾಗಿ ಜಿಲ್ಲಾ ಪರಿಷತ್ತುಗಳು ಬಂದಾಗ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ದೇಶಕ್ಕೆ 73ನೇ ತಿದ್ದುಪಡಿ ಬಂದದ್ದು ಆಮೇಲೆ, 1993ರಲ್ಲಿ. ಕುಡಿಯುವ ನೀರು, ಪ್ರಾಥಮಿಕ ಶಾಲೆ, ಗ್ರಂಥಾಲಯ ಸೇರಿ 29 ವಿಷಯಗಳ ಪಟ್ಟಿ ಅದರಲ್ಲಿದೆ. ದೇಶಕ್ಕೆ ದಾರಿ ತೋರಿದ ಇದೇ ರಾಜ್ಯದಲ್ಲಿ, 2016ರಲ್ಲಿ ಆರಿಸಿದ ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆಯಿಲ್ಲದೆ ವರ್ಷಗಳುರುಳಿದವು. ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂಬ ಕಾರಣಗಳನ್ನು ಹೇಳಿಕೊಂಡು ಆಡಳಿತಾಧಿಕಾರಿಗಳನ್ನು ಕೂರಿಸಿದರು. ಯಾವ ಪಕ್ಷದವರೂ ಇದಕ್ಕೆ ನಿದ್ದೆಗೆಡಲಿಲ್ಲ. ಜಿಲ್ಲೆಯ ಸದನವೇ ಇಲ್ಲದಿದ್ದರೆ ಜಿಲ್ಲೆಯ ನಿಯಮದ ಬಗ್ಗೆ ಯಾರು ಮಾತಾಡಬೇಕು?

ಗ್ರಾಮ ಪಂಚಾಯತಿಗೆ ಉಪವಿಧಿ, ಅಂದರೆ ಬೈಲಾ, ಮಾಡುವ ಅಧಿಕಾರ ಕಾಯ್ದೆಯಲ್ಲೇ ಇದೆ. ಆದರೆ ಮೇಲಿನಿಂದ ಮಾದರಿ ಬರುತ್ತದೆ, ಕೆಳಗೆ ಸಹಿ ಬೀಳುತ್ತದೆ. ದ್ರಾಕ್ಷಿ ಬೆಳೆಯುವ ಈ ಒಣ ಸೀಮೆಯ ನೀರಿನ ಕಷ್ಟವೂ ಮಳೆ ಸುರಿಯುವ ಮಲೆನಾಡಿನ ನೀರಿನ ಕಷ್ಟವೂ ಒಂದೇ ಏನು?

ನಿಮ್ಮಲ್ಲಿ ಬಹಳ ಮಂದಿ ಊರು ಬಿಟ್ಟು ಪಟ್ಟಣ ಸೇರಿದವರು. ಬೋರ್ಡಿಗೆ ಮಸಿ ಬಳಿಯಲು ಒಂದು ತಾಸು ಸಾಕು. ಕರಡು ಓದಲು ನಾಲ್ಕು ದಿನ ಬೇಕು, ಬೇಸರವೂ ಬರುತ್ತದೆ. ಆದರೂ ಓದಿ. ಯಾವ ಕಾಯ್ದೆಯ ಕರಡೂ ಸದನಕ್ಕೆ ಬರುವ ಮುಂಚೆ ಕನ್ನಡದಲ್ಲಿ ಪಂಚಾಯತಿಗಳಿಗೆ ಬರಲಿ, ಆಕ್ಷೇಪ ಹೇಳಲು ಕಾಲ ಕೊಡಲಿ ಎಂದು ನಿಮ್ಮ ಶಾಸಕರ ಮನೆ ಬಾಗಿಲಿಗೆ ಹೋಗಿ ಕೇಳಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಹೊರಡುವ ಮುಂಚೆ ಪಂಚಾಯತಿ ಕಚೇರಿಗೆ ಹೋಗಿ, ಕಳೆದ ಸಭೆಯ ಠರಾವು ಪುಸ್ತಕ ತೋರಿಸಿ ಎಂದು ಕೇಳೋಣ, ನಡೆಯಿರಿ.