ವಿಕ್‌ಹ್ಯಾಮ್‌ಗೆ ಬಲ ಕೊಟ್ಟಿದ್ದು ಅವನ ನಗುವಲ್ಲ, ಉಳಿದವರ ಮೌನ

ಇವತ್ತು ಒಬ್ಬ ಸುಳ್ಳುಗಾರನ ಬಗ್ಗೆ ಮಾತಾಡೋಣ. ನೋಡೋಕೆ ಚೆಂದ, ಮಾತು ಇನ್ನೂ ಚೆಂದ. ಹೆಸರು ಜಾರ್ಜ್ ವಿಕ್‌ಹ್ಯಾಮ್. 1813ರಲ್ಲಿ ಪ್ರಕಟವಾದ ಜೇನ್ ಆಸ್ಟಿನ್ ಅವರ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯ ಪಾತ್ರ. ಓದಿಲ್ಲ ಅಂದ್ರೂ ಪರವಾಗಿಲ್ಲ, ಕಥೆ ನಾನೇ ಹೇಳ್ತೀನಿ. ಆದರೆ ಗುಟ್ಟೆಲ್ಲ ರಟ್ಟಾಗುತ್ತೆ, ಮೊದಲೇ ಹೇಳಿಬಿಟ್ಟಿದ್ದೀನಿ!

ನಾಯಕಿ ಎಲಿಜಬೆತ್ ಬೆನೆಟ್. ಐವರು ಅಕ್ಕತಂಗಿಯರಲ್ಲಿ ಎರಡನೆಯವಳು, ತುಂಬಾ ಚುರುಕು. ಒಂದು ನೃತ್ಯಕೂಟದಲ್ಲಿ ಡಾರ್ಸಿ ಅನ್ನೋ ಶ್ರೀಮಂತ ಇವಳ ರೂಪದ ಬಗ್ಗೆ ಹಗುರವಾಗಿ ಆಡಿದ ಮಾತು ಇವಳ ಕಿವಿಗೇ ಬಿದ್ದಿರುತ್ತೆ. ಆ ಸಿಟ್ಟು ಇನ್ನೂ ಆರಿರಲ್ಲ, ಅಷ್ಟರಲ್ಲಿ ಊರಲ್ಲಿ ಬೀಡುಬಿಟ್ಟ ಸೇನಾ ತುಕಡಿಗೆ ವಿಕ್‌ಹ್ಯಾಮ್ ಸೇರಿಕೊಳ್ತಾನೆ.

ಅವನ ಕೆಲಸದ ರೀತಿ ನೋಡಿ. ತಾನಾಗಿ ಡಾರ್ಸಿಯನ್ನ ಬೈಯೋದಿಲ್ಲ. ಮೊದಲು ಎಲಿಜಬೆತ್‌ಗೆ ಡಾರ್ಸಿ ಎಷ್ಟು ಪರಿಚಯ ಅಂತ ಮೆಲ್ಲಗೆ ಕೇಳ್ತಾನೆ. ಅವಳಿಗೆ ಅವನು ಇಷ್ಟ ಇಲ್ಲ ಅಂತ ಖಾತ್ರಿಯಾದ ಮೇಲೇ ತನ್ನ ಗೋಳು ಶುರು. ಡಾರ್ಸಿಯ ತಂದೆ ತನಗೆ ಪಾದ್ರಿಯ ಹುದ್ದೆ ಕೊಡಿಸಬೇಕು ಅಂತ ಉಯಿಲಿನಲ್ಲಿ ಹೇಳಿದ್ದರಂತೆ, ಮಗ ಅದನ್ನ ತಪ್ಪಿಸಿಬಿಟ್ಟನಂತೆ. ಎಲಿಜಬೆತ್ ಪೂರ್ತಿ ನಂಬ್ತಾಳೆ. ಯಾಕಂದ್ರೆ ಅವಳ ಮನಸ್ಸಲ್ಲಿ ಮೊದಲೇ ಇದ್ದದ್ದನ್ನೇ ಅವನು ಅವಳಿಗೆ ಬಡಿಸಿದ್ದು.

ನಿಜ ಏನು? ಡಾರ್ಸಿ ಬರೆದ ಪತ್ರದಿಂದ ಗೊತ್ತಾಗುತ್ತೆ. ಹುದ್ದೆ ಬೇಡ ಅಂತ ವಿಕ್‌ಹ್ಯಾಮನೇ 3,000 ಪೌಂಡ್ ತಗೊಂಡಿದ್ದ. ಅದನ್ನೆಲ್ಲ ಉಡಾಯಿಸಿ, ಆಮೇಲೆ ಮತ್ತೆ ಅದೇ ಹುದ್ದೆ ಕೇಳಿಕೊಂಡು ಬಂದಿದ್ದ. ಸಿಗದೇ ಹೋದಾಗ ಡಾರ್ಸಿಯ ತಂಗಿ ಜಾರ್ಜಿಯಾನಾಳನ್ನ ಪ್ರೀತಿಯ ಮಾತಲ್ಲಿ ಮರುಳು ಮಾಡಿ, ಓಡಿಹೋಗೋಕೆ ಒಪ್ಪಿಸಿದ್ದ. ಅವಳಿಗೆ ಆಗ ಬರೀ 15 ವರ್ಷ. ಅವಳ ಹೆಸರಲ್ಲಿದ್ದ ಆಸ್ತಿ 30,000 ಪೌಂಡ್. ಲೆಕ್ಕ ಅರ್ಥ ಆಯ್ತಲ್ವಾ?

ಈ ಪಾತ್ರದ ಬಗ್ಗೆ ಮಾತಾಡೋವಾಗ ಎಲ್ಲರೂ ಅವನ ನಗು, ಅವನ ಸೊಗಸು ಅಂತಾರೆ. ನನಗೆ ಕಾಡೋದು ಬೇರೆ. ಜಾರ್ಜಿಯಾನಾ ಹೇಗೆ ಉಳಿದಳು? ಓಡಿಹೋಗೋ ದಿನ ಹತ್ತಿರ ಬಂದಾಗ, ಅಣ್ಣನ ಎದುರು ನಿಂತು ಎಲ್ಲ ಹೇಳಿಬಿಟ್ಟಳು. ಅಷ್ಟೇ. ಯಾವ ಸಾಹಸವೂ ಇಲ್ಲ, ಒಬ್ಬರಿಗೆ ಹೇಳಿದಳು.

ಆದರೆ ಅಣ್ಣ ಅದನ್ನ ಊರಿಗೆ ಹೇಳಲಿಲ್ಲ. ತಂಗಿಯ ಹೆಸರು ಕೆಡುತ್ತೆ ಅನ್ನೋ ಭಯ. ಪತ್ರ ಓದಿದ ಎಲಿಜಬೆತ್ ಅಕ್ಕ ಜೇನ್‌ಗೆ ಮಾತ್ರ ಹೇಳಿ, ಹೇಗಿದ್ದರೂ ತುಕಡಿ ಊರು ಬಿಡ್ತಿದೆಯಲ್ಲ ಅಂತ ಸುಮ್ಮನಾದಳು. ಇಬ್ಬರೂ ಕೆಟ್ಟವರಲ್ಲ, ಇಬ್ಬರ ಕಾರಣವೂ ಮರ್ಯಾದೆಯದ್ದೇ. ಆದರೆ ಆ ಮರ್ಯಾದೆಯೇ ವಿಕ್‌ಹ್ಯಾಮನ ಬಂಡವಾಳ ಆಯ್ತು. ಕೊನೇ ತಂಗಿ ಲಿಡಿಯಾ ಬ್ರೈಟನ್‌ಗೆ ಹೋದಾಗ ಅವನೂ ಅಲ್ಲೇ ಇದ್ದ. ಅವಳಿಗೆ ಏನೂ ಗೊತ್ತಿರಲಿಲ್ಲ. 16ರ ಹುಡುಗಿ ಅವನ ಜೊತೆ ಓಡಿಹೋದಳು.

ಆ ಕಾಲದ ಇಂಗ್ಲೆಂಡಿನಲ್ಲಿ ಇದರ ಬೆಲೆ ಅವಳೊಬ್ಬಳದ್ದಲ್ಲ. ಬೆನೆಟ್ ಮನೆಯ ಆಸ್ತಿ ಗಂಡು ವಾರಸುದಾರನಿಗೆ ಮಾತ್ರ, ಅಂದ್ರೆ ದೂರದ ಸಂಬಂಧಿ ಕಾಲಿನ್ಸ್‌ಗೆ. ಹೆಣ್ಣುಮಕ್ಕಳಿಗೆ ಮದುವೆಯೇ ಆಸರೆ. ತಂಗಿ ಓಡಿಹೋದ ಮನೆಯಿಂದ ಹೆಣ್ಣು ತರೋರು ಯಾರು? ಕೊನೆಗೆ ಡಾರ್ಸಿಯೇ ಲಂಡನ್ನಿನಲ್ಲಿ ಅವರನ್ನ ಹುಡುಕಿ, ವಿಕ್‌ಹ್ಯಾಮನ ಸಾಲ ತೀರಿಸಿ, ಸೈನ್ಯದಲ್ಲಿ ಹುದ್ದೆ ಕೊಡಿಸಿ ಮದುವೆ ಮಾಡಿಸ್ತಾನೆ. ಮೋಸಗಾರನಿಗೆ ಸಿಕ್ಕಿದ್ದು ಶಿಕ್ಷೆ ಅಲ್ಲ, ಹಣ!

1811ರಲ್ಲಿ ಬಂದ ಆಸ್ಟಿನ್ ಅವರ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ'ಯಲ್ಲೂ ಇದೇ ಕಥೆ. ವಿಲೋಬಿ ಒಬ್ಬ ಹುಡುಗಿಯನ್ನ ಬಸುರಿ ಮಾಡಿ ಕೈಬಿಟ್ಟಿದ್ದು ಕರ್ನಲ್ ಬ್ರಾಂಡನ್‌ಗೆ ಗೊತ್ತು. ಆದರೆ ಮೇರಿಯಾನ್‌ನ ಅಕ್ಕನ ಹತ್ತಿರ ಅವನು ಬಾಯಿ ಬಿಟ್ಟಿದ್ದು ಯಾವಾಗ? ವಿಲೋಬಿ ಮೇರಿಯಾನ್‌ಳನ್ನ ಬಿಟ್ಟು, 50,000 ಪೌಂಡ್ ಇದ್ದ ಬೇರೊಬ್ಬಳನ್ನ ಮದುವೆಯಾಗೋಕೆ ಹೊರಟ ಮೇಲೆ.

ಇಂಥವರನ್ನ ಮುಖ ನೋಡಿ ಗುರುತಿಸೋಕೆ ಆಗಲ್ಲ. ಎಲಿಜಬೆತ್‌ನಂಥ ಜಾಣೆಗೇ ಆಗಲಿಲ್ಲ. ಹಾಗಾಗಿ 'ಹುಡುಗಿ ಹುಷಾರಾಗಿರಬೇಕಿತ್ತು' ಅನ್ನೋ ಮಾತು ನನಗೆ ಸಾಲೋದಿಲ್ಲ. ಗೊತ್ತಿದ್ದವರು ಏನು ಮಾಡ್ತಿದ್ದರು ಅಂತಾನೂ ಕೇಳಬೇಕು. ಊರಿಗೆಲ್ಲ ಡಂಗುರ ಸಾರಬೇಕಿಲ್ಲ. ಅವನ ಮುಂದಿನ ಮೆಸೇಜ್ ಯಾರ ಫೋನಿಗೆ ಹೋಗುತ್ತೆ ಅಂತ ನಿಮಗೆ ಗೊತ್ತಿದ್ದರೆ, ಅವಳೊಬ್ಬಳಿಗೆ ಹೇಳಿ. ಅವಳು ಸಿಟ್ಟಾಗಬಹುದು, ನಿಮ್ಮನ್ನೇ ಅನುಮಾನಿಸಬಹುದು. ಆದರೂ ಹೇಳಿ. ಲಿಡಿಯಾಗೆ ಯಾರೂ ಹೇಳಿರಲಿಲ್ಲ.