ಸಣ್ಣ ಬೇಸಾಯಗಾರನಿಗೆ ಬೇಕಾದ್ದು ಕಾಯುವ ಶಕ್ತಿ

(ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ 25 ವರ್ಷ ತುಂಬಿದೆ. ಇದನ್ನು ಕಟ್ಟಿದವರನ್ನು ನೆನೆಯುವ ಕೆಲಸವನ್ನು ನನಗಿಂತ ಮೊದಲು ಮಾತಾಡಿದವರು ಚೆನ್ನಾಗಿ ಮಾಡಿದ್ದಾರೆ. ನನಗೆ ಕೊಟ್ಟಿರುವ ವಿಷಯ ‘ಸಣ್ಣ ಹಿಡುವಳಿದಾರರ ಆರ್ಥಿಕ ಸಮಸ್ಯೆಗಳು’. ಹೆಸರು ದೊಡ್ಡದಾದರೂ ವಿಷಯ ನಮ್ಮ ನಿಮ್ಮ ಮನೆಯದೇ. ಎರಡೆಕರೆ ಹೊಲ, ಎರಡು ಹಸು, ಐದು ಜನ. ಈ ಸಂಸಾರ ಉಳಿಯೋದು ಹೇಗೆ ಅನ್ನೋದೇ ಪ್ರಶ್ನೆ.

ಮೊದಲು ನಾವು ಎಲ್ಲಿದ್ದೀವಿ ಅಂತ ನೋಡೋಣ. ರಾಜಾಜಿನಗರವನ್ನು ಕೈಗಾರಿಕಾ ಬಡಾವಣೆಯಾಗಿ ಮಾಡಲು ಹೊರಟಿದ್ದು 1949ರಲ್ಲಿ. ಅಲ್ಲಿನ ಕೇತಮಾರನಹಳ್ಳಿ, ಬಸವೇಶ್ವರನಗರದ ಪಕ್ಕದ ಸಾಣೆಗುರುವನಹಳ್ಳಿ, ವಿಜಯನಗರದ ಹೊಸಹಳ್ಳಿ, ಅತ್ತಿಗುಪ್ಪೆ ಇವೆಲ್ಲ ಒಂದು ಕಾಲಕ್ಕೆ ನಮ್ಮ ಊರಿನ ಹಾಗೇ ಹೊಲ, ಕೆರೆ, ಕಣ ಇದ್ದ ಊರುಗಳು. ಈಗ ಬಸ್ಸಿನ ಬೋರ್ಡಿನಲ್ಲಿ, ಮೆಟ್ರೋ ನಿಲ್ದಾಣದಲ್ಲಿ ಹೆಸರು ಉಳಿದಿದೆ. ಮೆಟ್ರೋ 2021ರಲ್ಲಿ ಕೆಂಗೇರಿಗೆ ಬಂತು, 2023ರಲ್ಲಿ ಚಲ್ಲಘಟ್ಟಕ್ಕೂ ಬಂತು. ನಾಡಪ್ರಭು ಕೆಂಪೇಗೌಡ ಬಡಾವಣೆಗೆ 2008ರಲ್ಲಿ ಮೊದಲ ಅಧಿಸೂಚನೆ, 2010ರಲ್ಲಿ ಕೊನೆಯ ಅಧಿಸೂಚನೆ ಆಯಿತು. ಸೂಲಿಕೆರೆ, ರಾಮಸಂದ್ರ, ಕೊಮ್ಮಘಟ್ಟ, ಭೀಮನಕುಪ್ಪೆ ಮುಂತಾದ ಊರುಗಳ 4,043 ಎಕರೆ ಅದರೊಳಗೆ ಸೇರಿತು. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಬೇಸಾಯ ಮಾಡದವರಿಗೂ ಹೊಲ ಕೊಳ್ಳುವ ದಾರಿ ಸಲೀಸಾಯಿತು. ಹೀಗಾಗಿ ನಮ್ಮ ಹೊಲದ ಬದುವಿನ ಮೇಲೆ ದಿನವೂ ಯಾರಾದರೊಬ್ಬರು ಕಾರು ನಿಲ್ಲಿಸಿ “ಗೌಡ್ರೇ, ಇದು ಎಷ್ಟು ಗುಂಟೆ?” ಅಂತ ಕೇಳೋದು ಸಾಮಾನ್ಯವಾಗಿದೆ.

ಇನ್ನೊಂದು ಕಡೆ ಹಿಡುವಳಿ ಸಣ್ಣದಾಗುತ್ತಲೇ ಇದೆ. 2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 1.36 ಹೆಕ್ಟೇರು, ಅಂದರೆ ಮೂರೂವರೆ ಎಕರೆಗೂ ಕಡಿಮೆ. ಅಪ್ಪನ ನಾಲ್ಕು ಎಕರೆ ಇಬ್ಬರು ಮಕ್ಕಳಿಗೆ ಎರಡೆರಡು. ಹೆಣ್ಣುಮಕ್ಕಳಿಗೂ ಸಮಪಾಲು ಅನ್ನೋದು ನಮ್ಮ ರಾಜ್ಯದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಕಾನೂನು. ಅದು ನ್ಯಾಯವೇ. ಆದರೆ ಹೊಲ ಹಿಗ್ಗುವುದಿಲ್ಲವಲ್ಲ.

ಈಗ ಲೆಕ್ಕಕ್ಕೆ ಬರೋಣ. ಇದು ಯಾರ ಮನೆಯ ಲೆಕ್ಕವೂ ಅಲ್ಲ, ಉದಾಹರಣೆಗೆ ಹೇಳುವ ಬಾಯಿಲೆಕ್ಕ. ನಿಮ್ಮ ಮನೆಯ ಅಂಕಿ ಹಾಕಿ ನೀವೇ ತಿದ್ದಿಕೊಳ್ಳಿ.

ಮಳೆ ನಂಬಿ ಎರಡೆಕರೆ ರಾಗಿ ಇಟ್ಟಿದ್ದೀವಿ ಅಂದುಕೊಳ್ಳಿ. ಎಕರೆಗೆ 10 ಕ್ವಿಂಟಲಿನಂತೆ 20 ಕ್ವಿಂಟಲ್ ಆಯಿತು. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ರಾಗಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಒಟ್ಟು 97,720 ರೂಪಾಯಿ ಆಯಿತು. ಟ್ರ್ಯಾಕ್ಟರ್ ಉಳುಮೆ, ಬಿತ್ತನೆ, ಗೊಬ್ಬರ, ಎರಡು ಸಲ ಕಳೆ, ಕುಯ್ಲು, ಒಕ್ಕಣೆ ಮಿಷನ್ನು ಎಲ್ಲ ಸೇರಿ ಎಕರೆಗೆ 24,000 ಅಂದರೂ 48,000 ಖರ್ಚು. ಹಿಂದೆ ಮುಯ್ಯಾಳು ಇತ್ತು. ಇವತ್ತು ನಮ್ಮ ಹೊಲಕ್ಕೆ ನೀವು, ನಾಳೆ ನಿಮ್ಮ ಹೊಲಕ್ಕೆ ನಾವು. ಈಗ ಪ್ರತಿ ಆಳಿಗೂ ಕೂಲಿ ಎಣಿಸಬೇಕು. ಉಳಿದದ್ದು 49,720. ಅದರಲ್ಲಿ ಮನೆಗೆ ಮುದ್ದೆಗೆ ಅಂತ 5 ಕ್ವಿಂಟಲ್ ಎತ್ತಿಟ್ಟರೆ ಅದರ ಬೆಲೆ 24,430. ಕೈಗೆ ಬರುವ ದುಡ್ಡು 25,290 ರೂಪಾಯಿ. ಮನೆಯವರ ದುಡಿಮೆಗೆ ಇದರಲ್ಲಿ ಒಂದು ಕಾಸೂ ಹಾಕಿಲ್ಲ.

ಕಡಿಮೆ ಅಂತೀರಾ? ಹೌದು. ಆದರೆ ಎಷ್ಟೋ ಮನೆಯಲ್ಲಿ ಇಷ್ಟೂ ಉಳಿಯೋದಿಲ್ಲ. ಯಾಕೆ ಅಂತ ಈಗ ನೋಡಿ.

ಖರ್ಚಿಗೆ ದುಡ್ಡು ಬೇಕಾಗೋದು ಜೂನ್ ತಿಂಗಳಲ್ಲಿ. ಮಕ್ಕಳ ಸ್ಕೂಲ್ ಫೀಜು, ಪುಸ್ತಕ, ಬಟ್ಟೆ ಬರೋದೂ ಅದೇ ಜೂನ್‌ನಲ್ಲಿ. ರಾಗಿ ಕಣಕ್ಕೆ ಬರೋದು ನವೆಂಬರ್, ಡಿಸೆಂಬರ್‌ನಲ್ಲಿ. ಖರೀದಿ ಕೇಂದ್ರದಲ್ಲಿ ಹೆಸರು ಬರೆಸಿ, ಸರದಿ ಬಂದು, ರಾಗಿ ಹಾಕಿ, ಹಣ ಖಾತೆಗೆ ಬರೋ ಹೊತ್ತಿಗೆ ಇನ್ನೂ ಕೆಲವು ತಿಂಗಳು. ಜೂನ್‌ನಲ್ಲಿ 50,000 ರೂಪಾಯಿ ಕೈಸಾಲ ತಂದರೆ, ನೂರಕ್ಕೆ ಮೂರು ಬಡ್ಡಿ ಅಂದರೆ ತಿಂಗಳಿಗೆ 1,500. ಡಿಸೆಂಬರ್‌ವರೆಗೆ ಏಳು ತಿಂಗಳಿಗೆ 10,500. ಸಾಲ ಕೊಟ್ಟವನು ಡಿಸೆಂಬರ್‌ನಲ್ಲೇ ಮನೆ ಬಾಗಿಲಿಗೆ ಬಂದು ಕೂತರೆ ಬೆಂಬಲ ಬೆಲೆಗೆ ಕಾಯೋಕಾಗುತ್ತಾ? ಕಣದಲ್ಲೇ ದಲ್ಲಾಳಿಗೆ ಕೊಡಬೇಕು. ಕ್ವಿಂಟಲಿಗೆ ಸಾವಿರ ಕಡಿಮೆ ಅಂತಿಟ್ಟುಕೊಂಡರೆ 15 ಕ್ವಿಂಟಲಿಗೆ 15,000 ಹೋಯಿತು. ಬಡ್ಡಿ 10,500, ಬೆಲೆಯಲ್ಲಿ ಹೋದದ್ದು 15,000, ಒಟ್ಟು 25,500. ನಮ್ಮ ಕೈಗೆ ಬರಬೇಕಿದ್ದದ್ದು 25,290.

ಗಮನಿಸಿ. ಮಳೆ ಕೈಕೊಡಲಿಲ್ಲ. ಬೆಂಕಿರೋಗ ಬರಲಿಲ್ಲ. ಹಂದಿ ನುಗ್ಗಲಿಲ್ಲ. ಬೆಳೆ ಚೆನ್ನಾಗೇ ಬಂತು. ಆದರೂ ಹೊಲದ ಆದಾಯವೆಲ್ಲ ಹೋಗಿ ಮೇಲೆ 210 ರೂಪಾಯಿ ಸಾಲ ಉಳಿಯಿತು. ದುಡ್ಡು ಬೇಕಾದ ಹೊತ್ತಿಗೂ ದುಡ್ಡು ಬರುವ ಹೊತ್ತಿಗೂ ನಡುವೆ ಇರುವ ಆರೇಳು ತಿಂಗಳೇ ನಮ್ಮ ಸಂಸಾರವನ್ನು ತಿಂದು ಹಾಕಿದ್ದು. ಸಣ್ಣ ಬೇಸಾಯಗಾರನಿಗೆ ಕಾಯುವ ಶಕ್ತಿ ಇಲ್ಲ. ಅವನ ಕಷ್ಟದ ಬೇರು ಇದು.

ಈ ಕಷ್ಟ ಹೊಸದಲ್ಲ. ಇದನ್ನು ನೋಡಿಯೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. 1904ರ ಕಾಯಿದೆ ಬಂದ ಮೇಲೆ ದೇಶದಲ್ಲಿ ಮೊದಮೊದಲು ಎದ್ದ ರೈತರ ಸಂಘಗಳಲ್ಲಿ ಅದೂ ಒಂದು. ಒಬ್ಬೊಬ್ಬರೇ ಬಡ್ಡಿಯವನ ಮುಂದೆ ಕೈಕಟ್ಟಿ ನಿಲ್ಲುವ ಬದಲು ಎಲ್ಲರೂ ಸೇರಿ ಸ್ವಲ್ಪ ಸ್ವಲ್ಪ ಕೂಡಿಸೋಣ ಅನ್ನುವ ವಿಚಾರ. ನಮ್ಮದು ಹಾಲಿನ ಸಂಘ, ಸಾಲ ಕೊಡುವ ಸಂಘ ಅಲ್ಲ. ಆದರೂ ಈ 25 ವರ್ಷ ಅದೇ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಿದೆ. ಹೇಗೆ ಅಂದರೆ ವಾರದ ಬಟವಾಡೆಯಿಂದ.

ಎರಡು ಹಸು, ದಿನಕ್ಕೆ 15 ಲೀಟರ್, ಲೀಟರಿಗೆ 35 ಅಂದರೆ 525 ರೂಪಾಯಿ. ಹಿಂಡಿ, ಬೂಸ, ಫೀಡು, ಔಷಧಿ ಕಳೆದು ದಿನಕ್ಕೆ 175 ಉಳಿದರೆ ವಾರಕ್ಕೆ 1,225. ಕೂಲಿ ಅಂತ ನೋಡಿದರೆ ಏನೇನೂ ಅಲ್ಲ. ಕೊಟ್ಟಿಗೆ ಗುಡಿಸಿ, ಹುಲ್ಲು ಕುಯ್ದು, ಮೈ ತೊಳೆದು, ಎರಡು ಹೊತ್ತು ಹಾಲು ಕರೆಯುವ ಹೆಂಗಸಿನ ಅರ್ಧ ದಿನ ಅದರಲ್ಲಿ ಹೋಗುತ್ತೆ. ಹಸು ಹಾಲು ಬತ್ತಿದ ತಿಂಗಳು ಇಷ್ಟೂ ಇಲ್ಲ. ಆದರೆ ಈ ದುಡ್ಡು ವಾರ ವಾರ ಬರುತ್ತೆ. ಅಂಗಡಿ ಬಾಕಿ ಬೆಳೆಯೋದಿಲ್ಲ. ಡಿಸೆಂಬರ್‌ನಲ್ಲಿ ರಾಗಿ ಮೂಟೆಯನ್ನು ಮನೆಯೊಳಗೆ ಇಟ್ಟುಕೊಂಡು “ಈಗ ಕೊಡಲ್ಲಪ್ಪ” ಅಂತ ದಲ್ಲಾಳಿಗೆ ಹೇಳುವ ಧೈರ್ಯ ಬರುತ್ತೆ. ರಾಗಿ ಹುಲ್ಲಿನ ಮೆದೆ ಹಸುವಿಗೆ, ಸಗಣಿ ತಿಪ್ಪೆಗೆ, ತಿಪ್ಪೆ ಗೊಬ್ಬರ ಹೊಲಕ್ಕೆ. ಹೊಲ ಹೋದರೆ ಹುಲ್ಲನ್ನೂ ಕೊಳ್ಳಬೇಕು. ಕೊಂಡ ಹುಲ್ಲಿನಲ್ಲಿ ಎರಡು ಹಸು ಸಾಕಿ ಉಳಿಯುವ ಮನೆ ಕಡಿಮೆ. ಊರಿನ ಹೊಲಗಳು ಹೋದರೆ ಈ ಡೇರಿಯ ಕ್ಯಾನೂ ಖಾಲಿ. ಆದ್ದರಿಂದ ಹೊಲದ ಮಾತು ಸಂಘದ ಮಾತೂ ಹೌದು.

ರಾಜ್ಯ ಸರ್ಕಾರ 2008ರಲ್ಲಿ ಹಾಲಿಗೆ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಶುರು ಮಾಡಿತು, ಅದು ಮುಂದೆ 5 ರೂಪಾಯಿ ಆಯಿತು. 15 ಲೀಟರಿಗೆ 75 ರೂಪಾಯಿ. ಅದು ವಾರದ ಬಟವಾಡೆಯ ಜೊತೆ ಬರೋದಿಲ್ಲ, ಬೇರೆಯಾಗಿ ಖಾತೆಗೆ ಬೀಳುತ್ತೆ. ಬಂದಾಗ ಖರ್ಚು ಮಾಡದೆ ಜೂನ್ ತಿಂಗಳಿಗೆ ಅಂತ ಎತ್ತಿಡುವ ಮನೆಯವರು ಬುದ್ಧಿವಂತರು.

ಇನ್ನು ಸಾಲದ ಮಾತು. ವ್ಯವಸಾಯ ಸೇವಾ ಸಹಕಾರ ಸಂಘಗಳ ಮೂಲಕ ಬಡ್ಡಿ ಇಲ್ಲದೆ ಕೊಡುವ ಅಲ್ಪಾವಧಿ ಸಾಲದ ಮಿತಿಯನ್ನು 2023-24ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. 2025ರ ಜನವರಿಯಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಹಸು ಸಾಕುವವರಿಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ. ಇಷ್ಟೆಲ್ಲ ಇದ್ದೂ ನಮ್ಮವರು ನೂರಕ್ಕೆ ಮೂರರ ಹತ್ತಿರ ಯಾಕೆ ಹೋಗ್ತಾರೆ?

ಬಹಳ ಮನೆಗಳಲ್ಲಿ ಉತ್ತರ ಪಹಣಿಯಲ್ಲಿದೆ. ಉಳುವವನು ಮೊಮ್ಮಗ, ಪಹಣಿಯಲ್ಲಿರುವ ಹೆಸರು ತೀರಿಹೋದ ತಾತನದು. ಪೌತಿ ಖಾತೆ ಆಗಿಲ್ಲ, ಅಣ್ಣತಮ್ಮಂದಿರಲ್ಲಿ ಭಾಗ ಆಗಿಲ್ಲ. ಖಾತೆ ಇಲ್ಲದಿದ್ದರೆ ಬೆಳೆಸಾಲ ಇಲ್ಲ. ಫ್ರೂಟ್ಸ್ ತಂತ್ರಾಂಶದಲ್ಲಿ ಆ ಸರ್ವೆ ನಂಬರು ನಮ್ಮ ಹೆಸರಿಗೆ ಸೇರದಿದ್ದರೆ ಬೆಂಬಲ ಬೆಲೆಗೆ ರಾಗಿ ಹಾಕೋದೂ ಕಷ್ಟ, ಬೆಳೆ ಪರಿಹಾರವೂ ಕಷ್ಟ. ಬಡಾವಣೆಗೆ ಅಂತ ನೋಟಿಫಿಕೇಷನ್ ಆದ ಜಮೀನಾದರೆ ಇನ್ನೂ ತೊಂದರೆ. ಇತ್ತ ಪರಿಹಾರವೂ ಕೈಸೇರಿಲ್ಲ, ಅತ್ತ ಅದರ ಮೇಲೆ ಸಾಲವೂ ಹುಟ್ಟೋದಿಲ್ಲ. ಇನ್ನು ಗಡುವು ಮೀರಿದವರ ಮಾತು. ಬಡ್ಡಿ ಇಲ್ಲ ಅನ್ನೋದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. 2017ರಲ್ಲಿ, 2018ರಲ್ಲಿ ಸಾಲ ಮನ್ನಾ ಆಯಿತು, ಕಷ್ಟದಲ್ಲಿದ್ದವರಿಗೆ ಉಸಿರು ಬಂತು, ಸುಳ್ಳಲ್ಲ. ಆದರೆ ಇನ್ನೊಂದು ಮನ್ನಾ ಬರುತ್ತೆ ಅಂತ ಕಟ್ಟದೆ ಕೂತರೆ ಬಡ್ಡಿ ಬೀಳುತ್ತೆ, ಮುಂದಿನ ಜೂನ್‌ಗೆ ಹೊಸ ಸಾಲ ಸಿಗೋದಿಲ್ಲ.

ಬೋರ್‌ವೆಲ್ ಬಗ್ಗೆ ಎರಡು ಮಾತು. ನಮ್ಮ ಕಡೆ ಹರಿಯುವ ವೃಷಭಾವತಿ ಬೆಂಗಳೂರಿನ ಕೊಳಚೆಯನ್ನು ಹೊತ್ತು ಭೈರಮಂಗಲ ಕೆರೆಯ ಕಡೆಗೆ ಹೋಗುವ ಹೊಳೆಯಾಗಿದೆ. ಒಳ್ಳೆಯ ನೀರು ಬೇಕೆಂದರೆ ಭೂಮಿಯೊಳಗೆ ಇಳಿಯಬೇಕು. ಸಾವಿರ ಅಡಿ ಕೊರೆಸಲು ಮಾಡಿದ ಸಾಲವನ್ನು ಎರಡೆಕರೆಯ ಬೆಳೆ ತೀರಿಸೋದಿಲ್ಲ. ಮೇಲಿನ ಲೆಕ್ಕ ನೋಡಿದರೆ ಗೊತ್ತಾಗುತ್ತೆ. ನೀರು ಬಾರದಿದ್ದರಂತೂ ಹೊಲವೇ ಹೋಗುತ್ತೆ. ಅದರ ಬದಲು ಹಿರಿಯರ ಅಕ್ಕಡಿ ಪದ್ಧತಿಯನ್ನು ಬಿಡಬೇಡಿ. ರಾಗಿ ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಇದ್ದರೆ ದುಡ್ಡು ಒಂದೇ ದಿನ ಬಾರದೆ ಎರಡು ಮೂರು ಕಂತಿನಲ್ಲಿ ಬರುತ್ತೆ. ಮಾಗಡಿ ಕಡೆಯ ಸೊಗಡವರೆಗೆ ಚಳಿಗಾಲದಲ್ಲಿ ಬೆಂಗಳೂರಿನಲ್ಲಿ ಎಂಥ ಗಿರಾಕಿ ಇದೆ ಅಂತ ನಿಮಗೇ ಗೊತ್ತು. ಸ್ವಲ್ಪ ನೀರಿದ್ದವರು ಹತ್ತು ಗುಂಟೆಯಲ್ಲಿ ಮೆಂತ್ಯ, ದಂಟು, ಕೊತ್ತಂಬರಿ ಹಾಕಿದರೆ ತಿಂಗಳು, ಒಂದೂವರೆ ತಿಂಗಳಿಗೆ ಕಟ್ಟು ಕಟ್ಟಬಹುದು. ವಿಜಯನಗರದ ಮಾರ್ಕೆಟ್ಟು ನಮಗೆ ದೂರವಲ್ಲ.

ಇಲ್ಲಿ ಕೂತಿರುವ ಹುಡುಗರು ಮನಸ್ಸಿನಲ್ಲಿ ಒಂದು ಪ್ರಶ್ನೆ ಕೇಳ್ತಾ ಇರ್ತಾರೆ. “ಎಕರೆಗೆ ಕೋಟಿ ಬಂದರೆ ಬ್ಯಾಂಕಿನಲ್ಲಿ ಇಟ್ಟು ನೂರಕ್ಕೆ ಏಳರಂತೆ ವರ್ಷಕ್ಕೆ 7 ಲಕ್ಷ ಬಡ್ಡಿ ತಿನ್ನಬಹುದಲ್ಲ, ಈ 25,000ಕ್ಕೆ ಯಾಕೆ ಬೆವರು ಸುರಿಸಬೇಕು?” ಅಂತ. ಪ್ರಶ್ನೆ ನ್ಯಾಯವಾದದ್ದು. ರಾಗಿ ಬೆಳೆದು ಇದಕ್ಕೆ ಉತ್ತರ ಕೊಡೋಕೆ ಆಗೋದಿಲ್ಲ, ನಾನು ಕೊಡುವ ಹಾಗೆ ನಟಿಸೋದೂ ಇಲ್ಲ. ಮಾರುವವರನ್ನು ಬೈಯುವ ಹಕ್ಕು ನನಗಿಲ್ಲ. ಮಗಳ ಮದುವೆ, ಆಸ್ಪತ್ರೆ ಖರ್ಚು ಯಾರಿಗೂ ಹೇಳಿ ಬರೋದಿಲ್ಲ.

ಆದರೆ ಒಂದು ಕೇಳಿ. ಆ ಕೋಟಿ ಸಿಗೋದು ಯಾರಿಗೆ? ಸಾಲ ಇಲ್ಲದವನಿಗೆ. ಬಡ್ಡಿಯವನು ಜಗಲಿ ಮೇಲೆ ಕೂತಿರುವಾಗ ಹೊಲ ಮಾರುವವನು ರಾಗಿ ಮಾರಿದ ಹಾಗೇ ಮಾರ್ತಾನೆ. ಕೊಳ್ಳುವವನು ಹೇಳಿದ ಬೆಲೆಗೆ, ಸ್ವಲ್ಪ ಅಡ್ವಾನ್ಸ್ ತಗೊಂಡು, ಓದದ ಅಗ್ರಿಮೆಂಟಿಗೆ ಹೆಬ್ಬೆಟ್ಟು ಒತ್ತಿ. ಬಂದದ್ದು ಸಾಲಕ್ಕೆ ಜಮೆ. ಹೊಲ ಇಟ್ಟುಕೊಳ್ಳುವವನಿಗೂ ಮಾರುವವನಿಗೂ ಬೇಕಾದ್ದು ಒಂದೇ, ಕಾಯುವ ಶಕ್ತಿ.

ಕೊನೆಗೆ ಸದಸ್ಯರಲ್ಲಿ ಮೂರು ಮಾತು, ಸಂಘದಲ್ಲಿ ಒಂದು ಕೋರಿಕೆ.

ಸದಸ್ಯರೇ, ಮನೆಯ ಹಿರಿಯರು ಕಣ್ಣೆದುರು ಇರುವಾಗಲೇ ಭಾಗ, ಖಾತೆ ಮುಗಿಸಿಕೊಳ್ಳಿ. ಬೆಳೆಸಾಲವನ್ನು ಗಡುವಿಗೆ ಮೊದಲೇ ಕಟ್ಟಿ, ಮತ್ತೆ ತಗೊಳ್ಳಿ. ಹಾಲು ಕರೆಯುವ ಕೈ ಯಾರದೋ ಪಾಸ್‌ಬುಕ್ಕೂ ಅವರ ಹೆಸರಿನಲ್ಲಿರಲಿ. ಬಟವಾಡೆ ಅವರ ಕೈಗೆ ಹೋದ ಮನೆಯಲ್ಲಿ ಜೂನ್ ತಿಂಗಳಿಗೆ ಏನಾದರೂ ಉಳಿದಿರುತ್ತೆ, ಇದು ನಾನು ಕಂಡ ಮಾತು.

ಆಡಳಿತ ಮಂಡಳಿಯವರೇ, ಬೆಳ್ಳಿಹಬ್ಬದ ನೆನಪಿಗೆ ಕಮಾನು ಕಟ್ಟುವ ಯೋಚನೆ ಇದೆ ಅಂತ ಕೇಳಿದ್ದೇನೆ. ಆ ಹಣವನ್ನೂ ಲಾಭಾಂಶದಲ್ಲಿ ಒಂದು ಪಾಲನ್ನೂ ಸೇರಿಸಿ ಒಂದು ‘ಜೂನ್ ನಿಧಿ’ ಮಾಡಿ. ಉಪನಿಯಮದಲ್ಲಿ ಅವಕಾಶ ಹೇಗೆ ಅಂತ ಇಲಾಖೆಯವರನ್ನು ಕೇಳಿ. ವರ್ಷವೆಲ್ಲ ಹಾಲು ಹಾಕಿದ ಸದಸ್ಯರಿಗೆ ಜೂನ್‌ನಲ್ಲಿ 10,000 ರೂಪಾಯಿ ಮುಂಗಡ ಕೊಟ್ಟು, ಬಟವಾಡೆಯಲ್ಲಿ ವಾರಕ್ಕೆ 500ರಂತೆ ಹಿಡಿದುಕೊಂಡರೆ 20 ವಾರದಲ್ಲಿ ತೀರುತ್ತೆ. ಅಕ್ಟೋಬರ್ ಕೊನೆಯೊಳಗೆ, ರಾಗಿ ತೆನೆ ಹೊಲದಲ್ಲಿರುವಾಗಲೇ ಸಾಲ ಮುಗಿದಿರುತ್ತೆ. ಇದನ್ನು ಮುಂದಿನ ಸರ್ವಸದಸ್ಯರ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸಬೇಕು ಅಂತ ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ.